ತುಕ್ಕುಬಣ್ಣದ ಕೋಟಿನ ಎಡಹೆಗಲು

“ಅಯ್ಯೋ, ಅದು ಬಟ್ಟೆ ಕತ್ತರಿ!”

ಕೂಗಿದ್ದು ಒಬ್ಬರಲ್ಲ, ಇಡೀ ಕೋಣೆ. ಅತ್ತಿಗೆ ಬೆಚ್ಚಿಬಿದ್ದು ಕತ್ತರಿಯನ್ನು ಮೇಜಿನ ಮೇಲಿಟ್ಟರು. ಕೋಟಿನ ಕೊರಳಲ್ಲಿ ನೇತಾಡುತ್ತಿದ್ದ ಬೆಲೆಚೀಟಿಯನ್ನು ಕತ್ತರಿಸಲು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದರು, ಅಷ್ಟೇ. ಅಷ್ಟಕ್ಕೇ ಮನೆಗೆ ಬೆಂಕಿ ಬಿದ್ದವರಂತೆ ಎಲ್ಲರೂ ಬೊಬ್ಬೆ ಹೊಡೆದಿದ್ದರು.

“ಒಂದು ಸಲ ಕಾಗದದ ರುಚಿ ಹತ್ತಿದ್ರೆ ಆ ಕತ್ತರಿ ಆಮೇಲೆ ಬಟ್ಟೇನ ಕತ್ತರಿಸಲ್ಲಮ್ಮ, ಅಗಿಯತ್ತೆ,” ಎಂದರು ಮಾಸ್ಟರ್. ಎದ್ದು ಬಂದು ಅದರ ಬಾಯನ್ನು ಬೆರಳಿನಿಂದ ಸವರಿ ನೋಡಿ, ಮತ್ತೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತರು.

ಬೆಳಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು. ಕಳ್ಳ ಎಂಬ ಹೆಸರು ಹೊತ್ತು, ಬೀರುವಿನ ಕೀಲಿಕೈಯನ್ನು ತಾವಾಗಿಯೇ ಮೇಜಿನ ಮೇಲಿಟ್ಟು, ತುಟಿ ಹೊಲಿದುಕೊಂಡು ಕೂತಿದ್ದ ಮನುಷ್ಯ. ತನ್ನ ಮಾನ ಹೋಗುವಾಗ ಎತ್ತದ ದನಿಯನ್ನು ಕತ್ತರಿಯ ಹರಿತ ಹೋಗುತ್ತದೆ ಎಂದಾಗ ಎತ್ತಿದ್ದರು. ನನಗೆ ಅಲ್ಲಿಯೇ ಅವರ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ಆದರೆ ನನಗೆ ಯಾರ ಮೇಲೆ ಪ್ರೀತಿ ಹುಟ್ಟುತ್ತದೋ ಅವರೇ ಕೊನೆಗೆ ಕಳ್ಳರಾಗುವುದು ಇದುವರೆಗಿನ ಅನುಭವ. ಆದ್ದರಿಂದ ಸುಮ್ಮನಿದ್ದೆ.

ಪತ್ತೇದಾರಿಕೆ ನನ್ನ ಕಸುಬಲ್ಲ, ನನ್ನ ಅಣ್ಣನ ಹೆಂಡತಿಯದು. ನಾನು ಕಾರು ಓಡಿಸುವ, ಚೀಲ ಹೊರುವ, ಮೊದಲು ತಪ್ಪು ಊಹೆ ಮಾಡಿ ಅತ್ತಿಗೆಯ ಸರಿಯಾದ ಊಹೆಗೆ ದಾರಿ ಬಿಡುವ ಮೈದುನ.

ಇಷ್ಟು ನೆನಪಿದ್ದರೆ ಸಾಕು: ಈ ಉಡುಪಿನ ಕಾರ್ಖಾನೆಯವರು ಇನ್ನೂ ಯಾರಿಗೂ ತೋರಿಸದ ಹೊಸ ಕಲೆಕ್ಷನ್ನಿನ ಮುಖ್ಯ ಕೋಟು ಎರಡು ಬೀದಿ ಆಚೆಯ ದೊಡ್ಡ ಅಂಗಡಿಯ ಗಾಜಿನೊಳಗೆ ಕಾಣಿಸಿಕೊಂಡಿತ್ತು, ಅದನ್ನು ನಾವು ಅಂದು ಬೆಳಿಗ್ಗೆ ಕೊಂಡು ತಂದಿದ್ದೆವು.

ಸಂಜೆ ಐದಕ್ಕೆ ಖರೀದಿದಾರ ಹೆಂಗಸು ಬರುವವಳಿದ್ದಳು. ಇಡೀ ಕಲೆಕ್ಷನ್ನನ್ನು ಕೊಳ್ಳುವವಳು ಅವಳೊಬ್ಬಳೇ. ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಪ್ಯಾಟರ್ನ್ ಹೊರಗೆ ಮಾರಿದವರನ್ನು ನಾನು ಬರುವುದರೊಳಗೆ ಕೆಲಸದಿಂದ ತೆಗೆದಿರಬೇಕು, ಇಲ್ಲದಿದ್ದರೆ ಒಂದು ಗುಂಡಿಯನ್ನೂ ಮುಟ್ಟುವುದಿಲ್ಲ. ಪ್ಯಾಟರ್ನ್ ಎಂದರೆ ಕೋಟಿನ ಒಂದೊಂದು ಭಾಗಕ್ಕೂ ಕತ್ತರಿಸಿಟ್ಟ ಕಾಗದದ ಅಚ್ಚು. ಅವು ಇರುವುದು ಒಂದೇ ಬೀರುವಿನಲ್ಲಿ, ಆ ಬೀರು ಮಾಸ್ಟರದು. ಐದರೊಳಗೆ ಅತ್ತಿಗೆ ಬೇರೆ ಹೆಸರು ಹೇಳದಿದ್ದರೆ ಮಾಸ್ಟರ್ ಆ ಬಾಗಿಲು ದಾಟಿ ಹೋಗಬೇಕಿತ್ತು.

ಅವರನ್ನು ಕಳಿಸಬೇಕಾದವಳು ಅವರ ಸ್ವಂತ ಅಕ್ಕನ ಮಗಳು. ಡಿಸೈನರ್. ಕಾರ್ಖಾನೆಯವರೆಲ್ಲ ಅಕ್ಕ ಎನ್ನುತ್ತಾರೆ. ತಾಯಿ ತೀರಿಕೊಂಡ ಮೇಲೆ ಅವಳನ್ನೂ ಅವಳ ತಮ್ಮನನ್ನೂ ಸಾಕಿದ್ದು, ಅವಳ ಕೈಗೆ ಮೊದಲ ಸೂಜಿ ಕೊಟ್ಟಿದ್ದು ಈ ಸೋದರಮಾವ. ಯಾವಾಗಲೂ ಮಾವ ಎಂದು ಕರೆಯುತ್ತಿದ್ದವಳು ಅಂದು ಬೆಳಗಿನಿಂದ ಮಾಸ್ಟರ್, ಮಾಸ್ಟರ್ ಎನ್ನುತ್ತಿದ್ದಳು. ಕೇಳುವವರ ಕಿವಿಗೆ ಅದು ಚುಚ್ಚುತ್ತಿತ್ತು.

“ಆ ಬೀರುಗೆ ಎಷ್ಟು ಕೀಲಿಕೈ?” ಅತ್ತಿಗೆ ಕೇಳಿದರು.

“ಎರಡು. ಒಂದು ಮಾಸ್ಟರ್ ಹತ್ರ, ಇನ್ನೊಂದು ನನ್ ಹತ್ರ. ನನ್ ಕೋಟನ್ನ ನಾನೇ ಕದ್ಕೊಳಕ್ಕಾಗತ್ತಾ?”

“ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು ಮೇಡಂ?” ಎಂದ ಅವಳ ತಮ್ಮ, ಬಾಗಿಲಲ್ಲೇ ನಿಂತು. ಉತ್ಪಾದನೆಯ ಉಸ್ತುವಾರಿ ಅವನದು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ ಎಲ್ಲರ ಬಾಯಲ್ಲೂ ಅವನ ಹೆಸರು ಗಡಿಯಾರ. ಇಷ್ಟು ಬಟ್ಟೆ ಹೊಲಿಸುವ ಮನುಷ್ಯ ತನ್ನ ಅಂಗಿಯ ಬಿದ್ದುಹೋದ ಗುಂಡಿಯ ಜಾಗಕ್ಕೆ ಸ್ಟೇಪ್ಲರ್ ಹೊಡೆದುಕೊಂಡಿದ್ದ.

ಮಾಸ್ಟರ್ ಮೊಣಕಾಲಿಗೆ ಅಂಟಿದ್ದ ದಾರದ ಚೂರನ್ನು ಹೆಕ್ಕಿ ತೆಗೆದರು.

ಅತ್ತಿಗೆ ಕೋಟನ್ನು ಅಲ್ಲಿಯೇ ಬಿಟ್ಟು ಎದ್ದರು. “ಈ ಕೋಟು ಹುಟ್ಟಿದ್ದು ಎಲ್ಲಿ? ಮೊದಲಿಂದ ತೋರ್ಸಿ. ಮಾಸ್ಟ್ರೇ, ನೀವೂ ಬನ್ನಿ.”

ಕೋಟು ಹುಟ್ಟಿದ್ದು ಮಹಡಿಯ ಒಂದು ಕೋಣೆಯಲ್ಲಿ. ಒಳಗೆ ಕಾಲಿಟ್ಟಾಗ ನಾನು ಗುಜರಿ ಅಂಗಡಿ ಎಂದುಕೊಂಡೆ. ಗೋಡೆಯ ತುಂಬ ತುಕ್ಕು ಹಿಡಿದ ಚಿಲಕ, ಮೊಳೆ, ಬಾಗಿಲ ತಿರುಗಣೆ, ಮುರಿದ ಬೀಗ. ನಡುವೆ ಮುಚ್ಚಿದ ಅಂಗಡಿಗಳ ಶಟರುಗಳ ಫೋಟೋ. ಒಂದೊಂದು ಫೋಟೋದ ಕೆಳಗೂ ಬೆರಳಗಲದ ಬಟ್ಟೆಯ ತುಂಡುಗಳು, ಕೇಸರಿಯಿಂದ ಹಿಡಿದು ಕಡುಕಂದಿನವರೆಗೆ.

“ತುಕ್ಕು ಅಂದ್ರೆ ಹಾಳಾಗಿದ್ದು ಅಂತಾರೆ ಎಲ್ರೂ,” ಎಂದಳು ಅಕ್ಕ. “ನಂಗೆ ಮಾತ್ರ ಅದು ಕಬ್ಬಿಣ ಬಣ್ಣ ಕಲಿತ ಹಾಗೆ ಕಾಣ್ಸತ್ತೆ.”

ಮೇಜಿನ ಮೇಲೆ ಗೀಚಿ ಬಿಸಾಡಿದ ಚಿತ್ರಗಳ ದೊಡ್ಡ ರಾಶಿ, ಪಕ್ಕದಲ್ಲಿ ಉಳಿಸಿಕೊಂಡ ಹನ್ನೆರಡು. ಹನ್ನೆರಡರಲ್ಲಿ ನಡುವಿನದೇ ನಮ್ಮ ಕೋಟು. ಅದರ ಬೆನ್ನಿಗೆ ಶಟರಿನ ಪಟ್ಟಿಗಳ ಹಾಗೆ ಅಡ್ಡಡ್ಡ ಮಡಿಕೆಗಳು. ತೊಟ್ಟವಳು ಕೈ ಎತ್ತಿದರೆ ಮಡಿಕೆ ಬಿಚ್ಚಿಕೊಂಡು ಒಳಗಿನ ಕೇಸರಿ ಇಣುಕಬೇಕು, ಕೈ ಇಳಿಸಿದರೆ ಮತ್ತೆ ಮುಚ್ಚಿಕೊಳ್ಳಬೇಕು. ಮುಚ್ಚಿದ ಅಂಗಡಿ ನೋಡಿ ನನಗೆ ಇದುವರೆಗೆ ಹುಟ್ಟಿದ್ದು ಬರೀ ಬೇಜಾರು. ಇವಳಿಗೆ ಕೋಟು ಹುಟ್ಟಿತ್ತು. ನಾನು ಮನಸ್ಸಿನಲ್ಲೇ ಕೈಮುಗಿದೆ.

“ಈ ಬಣ್ಣ ಬರ್ಸಕ್ಕೆ ಅಕ್ಕ ಪಟ್ಟ ಪಾಡು ಕೇಳ್ಬೇಕು ನೀವು,” ಎಂದ ಗಡಿಯಾರ. ಅಕ್ಕನ ಹೊಗಳಿಕೆ ಶುರುವಾದರೆ ಅವನು ಗಂಟೆ ನೋಡುವುದನ್ನೂ ಮರೆಯುತ್ತಿದ್ದ. “ಸ್ಯಾಂಪಲ್‌ಗೆ ಅಂತ ಹಾಕಿದ್ದ ಬಣ್ಣ ಸರಿಯಾಗೇ ಬಂತು. ಆಮೇಲೆ ಪೂರಾ ಮಾಲಿಗೆ ಅಂತ ಹಾಕಿದ್ರೆ, ಇಟ್ಟಿಗೆ! ಅಪ್ಪಟ ಇಟ್ಟಿಗೆ ಬಣ್ಣ! ಅವತ್ತೇ ಇಲ್ಲಿ ಸ್ಯಾಂಪಲ್ ತೊಡಿಸಿ ನೋಡೋ ಫಿಟ್ಟಿಂಗ್ ಬೇರೆ ಇತ್ತು. ನೀವೇ ನೋಡ್ಕೊಂಡ್ಬಿಡಿ ಅಂತ ಮಾಸ್ಟರ್‌ಗೆ ಹೇಳಿ ನಾನೂ ಅಕ್ಕನೂ ಬಣ್ಣದ ಕಾರ್ಖಾನೆಗೆ ಓಡಿದ್ವಿ. ಇವಳು ಕೈಲೊಂದು ಬೋಲ್ಟ್ ಹಿಡ್ಕೊಂಡು ಆ ಬಿಸಿ ಆವೀಲಿ ಇಡೀ ದಿನ ನಿಂತಳು. ಒಂದೊಂದು ಸಲ ಬಟ್ಟೆ ಎತ್ತಿದಾಗ್ಲೂ ಬೋಲ್ಟ್ ಪಕ್ಕ ಹಿಡ್ದು ನೋಡೋದು, ಇಲ್ಲ ಅನ್ನೋದು. ಬಣ್ಣದವನು ಕೊನೆಗೆ, ತಾಯಿ, ಆ ಬೋಲ್ಟನ್ನೇ ತೊಟ್ಟಿಗೆ ಹಾಕ್ಬಿಡ್ಲಾ ಅಂದ!”

ಅಕ್ಕ ಅಂದು ಮೊದಲ ಬಾರಿಗೆ ನಕ್ಕಳು. ಆ ಬೋಲ್ಟನ್ನು ಗೋಡೆಯಿಂದ ತೆಗೆದು ನನ್ನ ಕೈಗಿಟ್ಟಳು, ಜೊತೆಗೆ ಬಟ್ಟೆಯ ತುಂಡೊಂದನ್ನು. ಎರಡನ್ನೂ ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಯಾವುದು ಕಬ್ಬಿಣ, ಯಾವುದು ನೂಲು ಎಂದು ತೂಕದಿಂದಲೇ ಹೇಳಬೇಕಿತ್ತು.

ಮುಂದಿನ ಕೋಣೆ ಮಾಸ್ಟರದು. ಅಲ್ಲಿ ಕೈಯಿಲ್ಲದ, ತಲೆಯಿಲ್ಲದ ಡಮ್ಮಿಯೊಂದಕ್ಕೆ ಅಗ್ಗದ ಕೋರಾ ಬಟ್ಟೆಯ ಕೋಟು ಸುತ್ತಿತ್ತು. ಮೈತುಂಬ ಪಿನ್ನು, ಪೆನ್ಸಿಲ್ ಗೆರೆ.

“ಚಿತ್ರ ಕೋಟಾಗೋದು ಹೇಗೆ ಮಾಸ್ಟ್ರೇ?” ಅತ್ತಿಗೆ ಕೇಳಿದರು.

ಅವರು ಅತ್ತಿಗೆಯ ಮುಖ ನೋಡಿದರು. ಕಳ್ಳನ ಹತ್ತಿರ ಯಾರಾದರೂ ಕಸುಬಿನ ಮಾತು ಕೇಳುತ್ತಾರೆಯೇ ಎಂಬ ಅನುಮಾನವಿದ್ದಿರಬೇಕು. ಆಮೇಲೆ ಕೈ ತಾನಾಗಿ ಡಮ್ಮಿಯ ಕಡೆ ಹೋಯಿತು.

“ಮೊದಲು ಹೀಗೆ ಕೋರಾ ಬಟ್ಟೇಲಿ ಸುತ್ತಿ, ಕತ್ತರಿಸಿ, ಪಿನ್ ಹಾಕಿ ನೋಡೋದು. ತಪ್ಪಾದ್ರೆ ಇಲ್ಲೇ ಆಗ್ಲಿ ಅಂತ. ಆಮೇಲೆ ಬಿಚ್ಚಿ, ಮೇಜಿನ ಮೇಲೆ ಹಾಸಿ, ಕಾಗದಕ್ಕೆ ಇಳಿಸೋದು. ಮೈ ಗುಂಡಗಿರತ್ತೆ, ಕಾಗದ ಚಪ್ಪಟೆ. ಗುಂಡಗಿರೋದನ್ನ ಚಪ್ಪಟೆ ಮಾಡಿ, ಅದು ಮತ್ತೆ ಗುಂಡಗಾಗೋ ಹಾಗೆ ನೋಡ್ಕೋಬೇಕು. ನನ್ ಕೆಲ್ಸ ಅಷ್ಟೇ.”

“ಅಷ್ಟೇನಾ?” ಎಂದೆ ನಾನು. ನನಗೆ ಹೊದಿಕೆಯ ನಾಲ್ಕು ಮೂಲೆ ಸೇರಿಸಿ ಮಡಿಸಲೂ ಬರುವುದಿಲ್ಲ.

ಬೀರುವಿನಿಂದ ತೆಗೆದ ಕಂದು ಕಾಗದದ ಅಚ್ಚುಗಳನ್ನು ಅತ್ತಿಗೆ ಒಂದೊಂದಾಗಿ ನೋಡಿದರು. “ಇಲ್ಲಿ ಅರ್ಧ ಕೋಟೇ ಇದೆಯಲ್ಲ?”

“ಅರ್ಧಾನೇ ಮಾಡೋದು. ಬಟ್ಟೇನ ಜೋಡಿ ಹಾಸಿ ಕತ್ತರಿಸಿದ್ರೆ ಎಡ, ಬಲ ಎರಡೂ ಒಂದೇ ಸಮ ಬರತ್ತೆ. ಫಿಟ್ಟಿಂಗ್ ಆಗಿ, ಸ್ಯಾಂಪಲ್ ಒಪ್ಪಿಗೆ ಆದ್ಮೇಲೆ ಇದನ್ನೇ ಬೇರೆ ಬೇರೆ ಸೈಜಿಗೆ ಹಿಗ್ಸಿ, ಕುಗ್ಸಿ, ಕಟಿಂಗ್ ಟೇಬಲ್‌ಗೆ ಕೊಡ್ತೀನಿ.”

“ಒಪ್ಪಿಗೆ ಆದ ಸ್ಯಾಂಪಲ್ ಎಲ್ಲಿರತ್ತೆ?”

“ಅದು ಚೀಲದೊಳಗೆ, ನಮ್ ರ‍್ಯಾಕ್ ಮೇಲೆ. ಲೈನಲ್ಲಿ ಹೊಲಿಯೋ ಒಂದೊಂದು ಕೋಟಿಗೂ ಅದೇ ಸಾಕ್ಷಿ. ದೇವರೇ ಕೇಳಿದ್ರೂ ಅದು ಮನೆ ಬಿಟ್ಟು ಹೋಗ್ಬಾರ್ದು. ನಾನು ಹಾಕಿರೋ ನಿಯಮ ಅದೊಂದೇ.”

ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಕೆಳಗೆ ಕಟಿಂಗ್ ಟೇಬಲ್ ಖಾಲಿಯಿತ್ತು. ಗೋಡೆಗೆ ಒರಗಿಸಿದ ತುಕ್ಕುಬಣ್ಣದ ಬಟ್ಟೆಯ ಸುರುಳಿಗಳು, ಸಾಲು ಸಾಲು ಹೊಲಿಗೆ ಯಂತ್ರಗಳು, ಕೈಕಟ್ಟಿ ಕೂತ ಹೆಂಗಸರು. ಟೇಬಲ್ಲಿನ ಮೇಲೆ ಉದ್ದನೆಯ ಕಾಗದದಲ್ಲಿ ಎಲ್ಲ ಸೈಜಿನ ತುಂಡುಗಳನ್ನೂ ಎಷ್ಟು ಒತ್ತೊತ್ತಾಗಿ ಜೋಡಿಸಿ ಬರೆದಿದ್ದರೆಂದರೆ ತೋಳಿನ ಬಾಗು ಕೊರಳಿನ ಬಾಗಿನೊಳಗೆ ಕೂತಿತ್ತು. ಬಟ್ಟೆ ಪೋಲಾಗಬಾರದಲ್ಲ. ಖರೀದಿದಾರಳು ಹೂಂ ಎಂದರೆ ಈ ಸುರುಳಿಗಳು ಬಿಚ್ಚಿಕೊಳ್ಳುತ್ತಿದ್ದವು.

“ಗಡಿಯಾರದ ಮೇಲೆ ನನಗೆ ಅನುಮಾನ,” ಎಂದು ಮೆಟ್ಟಿಲಲ್ಲಿ ಅತ್ತಿಗೆಯ ಕಿವಿಯಲ್ಲಿ ಹೇಳಿದೆ. “ಮಾವನ ಮೇಲೆ ಎಷ್ಟು ಬೇಗ ಕೈತೋರಿಸಿದ ನೋಡಿ. ಅದೂ ಅಲ್ದೆ, ಅಂಗಡಿ ಕೋಟಿನ ಬಟ್ಟೇನೂ ಇದೇ. ಬಣ್ಣದವನೂ ಅವನ ಜೊತೆ ಸೇರಿರ್ಬೇಕು.”

“ಅಚ್ಚು ಕದಿಯಕ್ಕೆ ಒಬ್ಬ, ಬಟ್ಟೆ ಕದಿಯಕ್ಕೆ ಒಬ್ಬ, ಹೊಲಿಯಕ್ಕೆ ಇನ್ನೊಬ್ಬ. ಒಂದು ಕೋಟಿಗೆ ಅಷ್ಟೊಂದು ಕಳ್ಳರು ಯಾಕೆ ಬೇಕು?” ಎಂದರು ಅತ್ತಿಗೆ. ಅಷ್ಟು ಹೇಳಿ ನಿಂತರು. ಅವರ ಹುಬ್ಬು ಮೇಲೇರಿತು. ಅಣ್ಣ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ಏರುವ ಹುಬ್ಬೇ ಅದು. “ಬೆಳಿಗ್ಗೆ ಅಂಗಡೀಲಿ ಬೇರೆ ಸೈಜ್ ಕೇಳ್ದಾಗ ಏನಂದ್ರು?”

“ಇಲ್ಲ, ಇರೋದು ಇದೊಂದೇ ಅಂದ್ರು.”

“ಹೌದಲ್ವಾ?” ಎಂದು ಅತ್ತಿಗೆ ದಡದಡ ಮೆಟ್ಟಿಲು ಹತ್ತಿದರು.

ಕೋಟನ್ನು ಬಿಟ್ಟುಬಂದಿದ್ದ ಸ್ಯಾಂಪಲ್ ಕೋಣೆಯಲ್ಲಿ ಬಾಬಿನಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಈ ಮನೆಯ ಪ್ರತಿಯೊಂದು ಉಡುಪಿನ ಮೊದಲ ಹೊಲಿಗೆ ಅವರದು. ಯಂತ್ರ ನಿಂತರೂ ಅವರ ಬಾಯಿ ನಿಲ್ಲುವುದಿಲ್ಲ.

“ಬಂದ್ರಾ? ನಮ್ ಮಾಸ್ಟ್ರನ್ನ ಕಳ್ಳ ಮಾಡಿ ಆಯ್ತಾ, ಇನ್ನೂ ಬಾಕಿ ಇದೆಯಾ?” ಎಂದು ಶುರುಮಾಡಿದವರು ನನ್ನನ್ನು ನೋಡಿ ಮಾತನ್ನು ಬದಲಿಸಿದರು. “ಅಲ್ಲಾ ಸ್ವಾಮಿ, ಈ ಅಂಗಿ ಯಾರು ಹೊಲಿದಿದ್ದು? ಶೋಲ್ಡರ್ ಎಲ್ಲಿದೆ, ನೀವೆಲ್ಲಿದೀರಿ?”

“ರೆಡಿಮೇಡ್,” ಎಂದೆ ಕುಗ್ಗಿದ ದನಿಯಲ್ಲಿ.

“ನಿಮ್ಗೆ ಬಲಗಡೆ ಹೆಗಲು ಇಳಿದಿದೆ. ಚೀಲ ಹೊತ್ತು ಹೊತ್ತು ಹಾಗಾಗಿದೆ. ನಾಚ್ಕೋಬೇಡಿ, ಪ್ರಪಂಚದಲ್ಲಿ ಯಾರ್ಗೂ ಎರಡು ಹೆಗಲೂ ಸಮ ಇರಲ್ಲ. ನಮ್ ಅಳತೆ ಹುಡ್ಗಿಗೇ ಇಲ್ಲ.”

ಕೋಟನ್ನು ತಿರುವುತ್ತಿದ್ದ ಅತ್ತಿಗೆಯ ಕೈ ನಿಂತಿತು. “ಯಾರು ಅಳತೆ ಹುಡುಗಿ?”

ಅಳತೆ ಹುಡುಗಿ ಎಂದರೆ ಫಿಟ್ಟಿಂಗ್ ದಿನ ಬಂದು ಸ್ಯಾಂಪಲ್ ತೊಟ್ಟು ನಿಲ್ಲುವವಳು. ಕೆಳಗೇ ಇದ್ದಳು. ಕರೆಸಿದರು. ಅತ್ತಿಗೆ ಹೇಳಿದಂತೆ ಬಾಬಿನಮ್ಮ ಮೊದಲು ಅಂಗಡಿಯ ಕೋಟಿನ ಹೆಸರುಪಟ್ಟಿಯನ್ನು ಬಿಚ್ಚಿದರು. ಕೆಳಗಿನ ಬಟ್ಟೆಯಲ್ಲಿ ಸೂಜಿಯ ತೂತು ಎರಡು ಸಾಲಿತ್ತು.

“ಒಂದು ಸಾಲು ಈ ಪಟ್ಟೀದು,” ಎಂದರು ಬಾಬಿನಮ್ಮ. “ಇನ್ನೊಂದು... ಇದ್ರ ಮುಂಚೆ ಇಲ್ಲಿ ಬೇರೆ ಪಟ್ಟಿ ಇತ್ತು ಕಣ್ರೀ!”

“ತೊಟ್ಕೋಮ್ಮ,” ಎಂದರು ಅತ್ತಿಗೆ.

ಹುಡುಗಿ ಅಂಗಡಿಯ ಕೋಟನ್ನು ತೊಟ್ಟಳು. ನನಗೆ ಉಡುಪಿನ ಗಂಧಗಾಳಿ ಇಲ್ಲ, ಆದರೂ ಉಸಿರು ಹಿಡಿದುಕೊಂಡೆ. ಕೋಟು ಅವಳ ಮೈಮೇಲೆ ನೀರಿಳಿದ ಹಾಗೆ ಇಳಿಯಿತು. ಕೈ ಎತ್ತಿದಳು, ಬೆನ್ನಿನ ಮಡಿಕೆಗಳು ಸದ್ದಿಲ್ಲದೆ ತೆರೆದುಕೊಂಡು ಒಳಗಿನ ಕೇಸರಿ ಹೊಳೆಯಿತು. ಇಳಿಸಿದಳು, ಶಟರ್ ಮುಚ್ಚಿತು. ಮನುಷ್ಯರು ಸೂಜಿದಾರದಲ್ಲಿ ಇಂಥದ್ದನ್ನು ಮಾಡಬಲ್ಲರಲ್ಲ ಎಂದು ಎದೆ ತುಂಬಿ ಬಂತು. ಕದ್ದ ಮಾಲಿಗೆ ಚಪ್ಪಾಳೆ ತಟ್ಟಬಾರದೆಂದು ಕೈಯನ್ನು ಜೇಬಿಗೆ ತುರುಕಿಕೊಂಡೆ.

“ಈಗ ನಿಮ್ ರ‍್ಯಾಕ್ ಮೇಲಿರೋ ಸ್ಯಾಂಪಲ್ ಕೊಡಿ.”

“ಅದ್ಯಾಕೆ?” ಎಂದಳು ಅಕ್ಕ. “ಅದು ಇಲ್ಲೇ ಇದೆಯಲ್ಲ. ಹೋಗಿರೋದು ಪ್ಯಾಟರ್ನ್.”

“ಒಂದ್ಸಲ ನೋಡ್ತೀನಿ, ಅಷ್ಟೇ.”

ಬಾಬಿನಮ್ಮ ಚೀಲ ಬಿಚ್ಚಿ ಕೊಟ್ಟರು. ಅದೇ ಬಣ್ಣ, ಅದೇ ಮಡಿಕೆ, ಒಪ್ಪಿಗೆಯ ಚೀಟಿ. ಹುಡುಗಿ ತೊಟ್ಟಳು. ಚೆನ್ನಾಗಿಯೇ ಇತ್ತು. ಆದರೆ ಎಡಗಡೆ, ಕೊರಳಿನಿಂದ ಹೆಗಲಿಗೆ ಇಳಿಯುವಲ್ಲಿ, ಸಣ್ಣದೊಂದು ಸುಕ್ಕು ಎದ್ದಿತ್ತು. ಕೈ ಎತ್ತಿ ಇಳಿಸಿದಾಗ ಎಡಗಡೆಯ ಒಂದು ಮಡಿಕೆ ಮುಚ್ಚದೆ ಬಾಯ್ತೆರೆದೇ ಉಳಿಯಿತು.

ಹುಡುಗಿ ಕೊರಳು ತಿರುಗಿಸಿದಳು. “ಇದು ನಾನು ತೊಟ್ಟಿದ್ದಲ್ಲ ಮಾಸ್ಟ್ರೇ. ಅವತ್ತು ಇಲ್ಲಿ ಹೀಗೆ ಎಳೀತಿರ್ಲಿಲ್ಲ.”

ಬಾಬಿನಮ್ಮ ಬಗ್ಗಿ ಆ ಸುಕ್ಕನ್ನು ಬೆರಳಿನಿಂದ ಒತ್ತಿ ನೋಡಿದರು.

“ಮಾಸ್ಟ್ರೇ,” ಎಂದರು ಅತ್ತಿಗೆ ಮೆಲ್ಲಗೆ. “ಅವತ್ತು ಫಿಟ್ಟಿಂಗ್‌ನಲ್ಲಿ ಏನು ಮಾಡಿದ್ರಿ?”

ಮಾಸ್ಟರ್ ಸ್ಟೂಲಿನಿಂದ ಎದ್ದಿದ್ದರು. “ಇವಳು ಚಿಕ್ಕವಳಿದ್ದಾಗ ಸೈಕಲ್‌ನಿಂದ ಬಿದ್ದು ಎಡಗಡೆ ಕೊರಳೆಲುಬು ಮುರ್ಕೊಂಡಿದ್ಲು. ಆ ಹೆಗಲು ಬೆರಳಂಚಿನಷ್ಟು ಇಳಿದಿದೆ. ಬೆನ್ನಿನ ಮಡಿಕೆ ಸರಿಯಾಗಿ ಕೂರತ್ತಾ ಅಂತ ನೋಡ್ಬೇಕಲ್ಲ, ಅದಕ್ಕೆ ಎಡಹೆಗಲಲ್ಲಿ ಪಿನ್ ಹಾಕಿ ಇಳಿಸ್ದೆ. ಬಾಬಿನಮ್ಮ ಹಾಗೇ ಹೊಲಿದ್ಲು.”

“ಕಾಗದದ ಮೇಲೂ ಇಳಿಸಿದ್ರಾ?”

“ಛೆ ಛೆ! ಕಾಗದ ಊರಿಗೆಲ್ಲ, ಪಿನ್ನು ಇವಳೊಬ್ಬಳಿಗೆ. ಕಾಗದದಲ್ಲಿ ಎರಡು ಹೆಗಲೂ ಸಮ.”

“ಹಾಗಾದ್ರೆ ಕೇಳಿ,” ಎಂದರು ಅತ್ತಿಗೆ. ಎರಡೂ ಕೋಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದರು. “ಪ್ಯಾಟರ್ನ್ ಯಾರೂ ಮಾರಿಲ್ಲ. ಅಂಗಡೀಲಿ ಸಿಕ್ಕಿದ್ದು ನಕಲಲ್ಲ, ನಿಮ್ಮ ಸ್ಯಾಂಪಲ್ಲೇ. ಹೆಗಲು ಇಳಿದಿದೆ, ಪಟ್ಟಿ ಬದಲಾಗಿದೆ. ನಕಲು ಇರೋದು ಇಲ್ಲಿ, ನಿಮ್ಮ ಮನೇಲಿ. ಸ್ಯಾಂಪಲ್ ಹೋಗಿದ್ದು ಗೊತ್ತಾಗ್ಬಾರ್ದು ಅಂತ ಕಾಗದದಿಂದ ಇನ್ನೊಂದನ್ನ ಹೊಲಿದು, ಈ ಚೀಟಿ ಕಟ್ಟಿ, ಚೀಲದಲ್ಲಿ ಇಟ್ಟಿದಾರೆ. ಹೊಲಿದವರಿಗೆ ಎಲ್ಲ ಗೊತ್ತಿತ್ತು, ಎಡಹೆಗಲೊಂದು ಗೊತ್ತಿರ್ಲಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಾದೆ ಗಾದೆಯೇ. ಗಡಿಯಾರ ಹೆಗಲು ಮುಟ್ಟಿಕೊಂಡ, ಬಾಬಿನಮ್ಮ ಮುಟ್ಟಿಕೊಂಡರು, ಏನೂ ಮಾಡದ ನಾನೂ ಮುಟ್ಟಿಕೊಂಡೆ. ಅಕ್ಕ ಮಾತ್ರ ಮುಟ್ಟಿಕೊಳ್ಳಲಿಲ್ಲ. ಅವಳು ಅಂಗಡಿಯಿಂದ ತಂದ ಕೋಟನ್ನೇ ನೋಡುತ್ತಿದ್ದಳು, ಸತ್ತವರು ಎದ್ದು ಬಂದಂತೆ.

“ಅಂದ್ರೆ ಮಾಸ್ಟರ್ ಅಲ್ಲ!” ಎಂದು ಬಾಬಿನಮ್ಮ ಕೂಗಿದರು. “ಪಿನ್ ಹಾಕಿದ ಮನುಷ್ಯನೇ ಮರೀತಾನಾ?”

“ಅವರಲ್ಲ. ಹೊಲಿದ ನೀವೂ ಅಲ್ಲ. ತೊಟ್ಟ ಇವಳೂ ಅಲ್ಲ. ಅವತ್ತು ಈ ಕೋಣೇಲಿ ಇದ್ದೋರು ಯಾರೂ ಅಲ್ಲ.”

ಇಲ್ಲದವರು ಯಾರು? ಬಿಸಿ ಆವಿ, ಬೋಲ್ಟು, ಇಟ್ಟಿಗೆ ಬಣ್ಣ. ಅಷ್ಟು ಹೊತ್ತು ಮೆಚ್ಚಿ ಮೆಚ್ಚಿ ಕೇಳಿದ್ದ ಕಥೆ ನನ್ನ ತಲೆಯಲ್ಲಿ ತಿರುಗಿ ನಿಂತಿತು. ಅಂದು ಈ ಮನೆಯಲ್ಲಿ ಇಲ್ಲದವರು ಇಬ್ಬರೇ, ಅಕ್ಕ ಮತ್ತು ತಮ್ಮ. ನಾನು ವಿಜಯದಿಂದ ಗಡಿಯಾರದ ಕಡೆ ತಿರುಗಿದೆ. ಅವನ ಎದೆಯ ಮೇಲೆ ಸ್ಟೇಪ್ಲರ್ ಪಿನ್ನು ಹೊಳೆಯುತ್ತಿತ್ತು. ಗುಂಡಿ ಹಚ್ಚಲು ಬಾರದವನು ಶಟರಿನ ಮಡಿಕೆ ಹೊಲಿಯುವುದುಂಟೇ?

ನನ್ನ ವಿಜಯ ಅಲ್ಲಿಯೇ ಇಳಿದುಹೋಯಿತು. ಕಾಗದದ ಅಚ್ಚಿದ್ದ ಬೀರುವಿನ ಇನ್ನೊಂದು ಕೀಲಿಕೈ ಯಾರ ಹತ್ತಿರವಿತ್ತೆಂದೂ ನೆನಪಾಯಿತು. ಹಾಗಾದರೆ... ಆ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲೂ ನನಗೆ ಇಷ್ಟವಾಗಲಿಲ್ಲ.

ಮಾಸ್ಟರ್ ಮೇಜಿನ ಹತ್ತಿರ ಬಂದಿದ್ದರು. ರ‍್ಯಾಕಿನ ಕೋಟನ್ನು ಎತ್ತಿ, ಕಾಲರನ್ನು ಮಗುಚಿ, ಒಳಹೊಲಿಗೆಯ ಮೇಲೆ ಹೆಬ್ಬೆರಳನ್ನು ಓಡಿಸಿದರು. ಬಾಗಿದ ಮೂಲೆಯಲ್ಲಿ ಹೆಬ್ಬೆರಳು ನಿಂತಿತು. ಅವರ ಮುಖದಲ್ಲಿ ಕೋಪ ಕಾಣಿಸಲಿಲ್ಲ. ಮೊದಲ ಸಲ ತಾನಾಗಿ ನಡೆದ ಮಗುವನ್ನು ನೋಡುವವರ ಮುಖ ಅದು. ಕಣ್ಣು ಒದ್ದೆಯಾಗಿತ್ತು. ಎಂಥ ಹೊಲಿಗೆ ಎಂದು ತುಟಿ ಅಲುಗಿದ್ದನ್ನು ನಾನು ನೋಡಿದೆ. ಅವರಿಗೆ ಆ ಕೈ ಯಾರದೆಂದು ತಿಳಿದುಹೋಗಿತ್ತು. ಆ ಕೈಗೆ ಸೂಜಿ ಹಿಡಿಸಿದವರೇ ಅವರಲ್ಲವೇ.

“ಇನ್ನು ಉಳಿದಿರೋದು...” ಎಂದು ಅತ್ತಿಗೆ ಬಾಯಿ ತೆರೆದರು.

“ನಾನೇ,” ಎಂದರು ಮಾಸ್ಟರ್.

“ಮಾಸ್ಟ್ರೇ—”

“ನಾನೇಮ್ಮ ಮಾಡಿದ್ದು. ಸ್ಯಾಂಪಲ್ ಕೊಟ್ಟಿದ್ದು ನಾನೇ, ಇದನ್ನ ಹೊಲಿದಿಟ್ಟಿದ್ದೂ ನಾನೇ. ಹೆಗಲಿನ ವಿ‍ಷಯ ಮರೆತೆ. ವಯಸ್ಸಾಯ್ತಲ್ಲ.” ಕೋಟನ್ನು ಮಡಿಸಿ ಮೇಜಿನ ಮೇಲಿಟ್ಟರು. “ಐದು ಗಂಟೆ ಆಗ್ತಾ ಬಂತು. ನಾನು ಹೊರಡ್ತೀನಿ. ಅವರು ಬಂದ್ರೆ, ಕಳ್ಳ ಹೋದ ಅಂತ ಹೇಳಿ, ಕಲೆಕ್ಷನ್ ತೋರ್ಸಿ. ಚೆನ್ನಾಗಿ ಬಂದಿದೆ. ಹನ್ನೆರಡೂ ಚೆನ್ನಾಗಿ ಬಂದಿದೆ.”

ಸುಳ್ಳು ಹೇಳುವ ಅಭ್ಯಾಸವೇ ಇಲ್ಲದ ಮನುಷ್ಯ. ಇದ್ದುದರಲ್ಲಿ ನಿಜ ಆ ಕೊನೆಯ ಮಾತು ಒಂದೇ. ಅತ್ತಿಗೆ ನೆಲ ನೋಡಿದರು.

ಮಾಸ್ಟರ್ ಬಾಗಿಲ ಹತ್ತಿರ ಹೋಗಿದ್ದರು.

“ಮಾವಾ.”

ಅಂದು ಬೆಳಗಿನಿಂದ ಆ ಮನೆಯಲ್ಲಿ ಯಾರೂ ಆಡದ ಮಾತು. ಅವರು ನಿಂತರು, ತಿರುಗಲಿಲ್ಲ.

ಅಕ್ಕ ಮೇಜಿನ ಮೇಲಿದ್ದ ಕೀಲಿಕೈಯನ್ನು ಎತ್ತಿಕೊಂಡು ಹೋಗಿ, ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿದಳು. “ನೀನು ಮರೆಯೋನಲ್ಲ ಮಾವ. ಸುಮ್ನಿರು ನೀನು. ಅದನ್ನ ಹೊಲಿದಿದ್ದು ನಾನು.”

“ಬೇಡ ಮಗಳೇ.”

“ನಾನೇ ಹೊಲಿದೆ. ಸ್ಯಾಂಪಲ್ ತೆಗ್ದು ಕೊಟ್ಟಿದ್ದೂ ನಾನೇ. ನಾಲ್ಕು ದಿನ ಇಟ್ಕೊಂಡು ಕೊಡ್ತೀನಿ, ಯಾರಿಗೂ ಹೇಳ್ಬೇಡ ಅಂದ್ರು. ಸ್ಯಾಂಪಲ್ ಮನೆ ದಾಟಕ್ಕೆ ನೀನು ಬಿಡಲ್ವಲ್ಲ, ಅದಕ್ಕೇ ಬದಲಿ ಹೊಲಿದಿಟ್ಟೆ. ಅಸಲು ಇನ್ನೂ ಅವ್ರ ಹತ್ರಾನೇ ಭದ್ರವಾಗಿದೆ ಅಂದ್ಕೊಂಡಿದ್ದೆ. ಅದಕ್ಕೇ ಅಂಗಡೀಲಿ ನೋಡ್ದಾಗ, ಪ್ಯಾಟರ್ನ್ ಮಾರಿದಾರೆ ಅಂತ... ನಿನ್ನ ಮೇಲೆ...”

ಗಡಿಯಾರ ಮೊದಲ ಬಾರಿಗೆ ಗಂಟೆಯನ್ನು ನೋಡದೆ ಅಕ್ಕನನ್ನು ನೋಡುತ್ತಿದ್ದ. “ಆ ಅಂಗಡಿಯವರಿಗೆ ಕೊಟ್ಯಾ? ನೀನಾ?”

“ಆ ಅಂಗಡಿಯವ್ರ ಮುಖಾನೇ ನಾನು ನೋಡಿಲ್ಲ.”

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅತ್ತಿಗೆ ಕಿಟಕಿಯಿಂದ ಬಗ್ಗಿ ನೋಡಿ, ಹೇಳದಿದ್ದರೂ ನನಗೆ ಅರ್ಥವಾಗುವಂತೆ ತಲೆಯಾಡಿಸಿದರು. ಖರೀದಿದಾರಳು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದಳು. ಚಪ್ಪಲಿಯ ಸದ್ದು ಟಕಟಕ ಎಂದು ಮೆಟ್ಟಿಲಿಗೆ ಬಂತು.

“ಮತ್ತೆ ಯಾರ ಕೈಗೆ ಕೊಟ್ರಿ?” ಅತ್ತಿಗೆ ಕೇಳಿದರು.

ಅಕ್ಕ ಮಾವನ ಕೈ ಬಿಡದೆ ಬಾಗಿಲಿನ ಕಡೆ ಮುಖ ಮಾಡಿದಳು.

“ಪ್ಯಾಟರ್ನ್ ಮಾರಿದವರನ್ನ ಮೊದಲು ಹೊರಗೆ ಹಾಕಿ ಅಂತ ಫೋನ್ ಮಾಡಿದ್ಳಲ್ಲ, ಅವಳ ಕೈಗೆ.”